ಕಂಪ್ಯೂಟರ್ ಹಾಕಿದರೆ ಎಲ್ಲ ಖಾಲಿ: ಕೆಟ್ಟ ಯೂಸರ್ ಪ್ರೊಫೈಲ್ ಪತ್ತೆ ಮತ್ತು ರಿಪೇರಿ

ಕಳೆದ ಆರಿದ್ರಾ ಮಳೆಯ ಹೊತ್ತಿಗೆ ಆಗುಂಬೆ ರಸ್ತೆಯ ಒಂದು ಮನೆಯಿಂದ ಬೆಳಿಗ್ಗೆ ಏಳೂವರೆಗೇ ಫೋನು ಬಂತು. "ಭಾವ, ಕಂಪ್ಯೂಟರಲ್ಲಿ ಎಂತದೂ ಇಲ್ಲ ಮಾರಾಯ್ರೆ. ತೋಟದ ಲೆಕ್ಕ ಇಲ್ಲ, ಅಪ್ಪಯ್ಯನ ಶಾಂತಿಯ ಫೋಟೋ ಇಲ್ಲ. ಫಾರ್ಮ್ಯಾಟ್ ಮಾಡ್ಸಿ ಅಂತಿದಾರೆ, ಮಾಡ್ಸದಾ?"

"ಎಂತದೂ ಮುಟ್ಟಬೇಡಿ, ಬರ್ತೀನಿ" ಅಂದೆ.

ಹಿಂದಿನ ಸಂಜೆ ಗಾಳಿಗೆ ಮರ ಬಿದ್ದು ಲೈನು ತುಂಡಾಗಿತ್ತು. ಅದಕ್ಕೂ ಮೊದಲು ಕರೆಂಟು ನಾಲ್ಕೈದು ಸಲ ಹೋಗಿ ಬಂದು ಮಾಡಿತ್ತು. ರಾತ್ರಿ ಕರೆಂಟು ಬಂದಮೇಲೆ ಹಾಕಿದರೆ ಪರದೆಯ ಮೇಲೆ ಬರೀ ನೀಲಿ, ಒಂದು ಕಡತವೂ ಇಲ್ಲ. ಮಗಳು ಅದರಲ್ಲೇ ಕೂತು ಮೂರು ಗಂಟೆ ಕಾಲೇಜಿನ ಪ್ರಾಜೆಕ್ಟ್ ಟೈಪ್ ಮಾಡಿ, ಡೆಸ್ಕ್‌ಟಾಪ್‌ನಲ್ಲಿ ಸೇವ್ ಮಾಡಿ, ಶಟ್‌ಡೌನ್ ಒತ್ತಿ ಮಲಗಿದ್ದಳು. ನಾನು ಹೋಗಿ ನೋಡಿದಾಗ ಹನ್ನೊಂದು ವರ್ಷದ ತೋಟದ ಲೆಕ್ಕ, ಫೋಟೋ, ಸೊಸೈಟಿ ಸಾಲದ ಕಾಗದ ಎಲ್ಲ ಇದ್ದ ಜಾಗದಲ್ಲೇ ಇದ್ದವು. ಹೋದದ್ದು ಆ ಹುಡುಗಿಯ ಮೂರು ಗಂಟೆಯ ಕೆಲಸ ಮಾತ್ರ. ಅವಳ ಮುಖ ನೋಡಿದ ದಿನವೇ ಇದನ್ನು ಬರೆದಿಡಬೇಕು ಅನ್ನಿಸಿತು.

ತೀರ್ಥಹಳ್ಳಿಯಲ್ಲಿ ನನ್ನದು ಟೈಪಿಂಗ್, ಜೆರಾಕ್ಸ್ ಅಂಗಡಿ. ಮಳೆಗಾಲ ಬಂತೆಂದರೆ ಇದೇ ದೂರು ಹೊತ್ತು ಜನ ಬರುತ್ತಾರೆ. ಇಲ್ಲಿರುವುದು ವಿಂಡೋಸ್ 10 ಮತ್ತು 11 ಎರಡಕ್ಕೂ ಹೊಂದುತ್ತದೆ. ಆಜ್ಞೆಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ; ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು.

ಕೆಟ್ಟಿರುವುದು ಯಾವುದು?

ನಿಮ್ಮ ಹೆಸರಲ್ಲಿ ಒಳಗೆ ಹೋದಾಗ ವಿಂಡೋಸ್ ಎರಡು ಕಡೆ ನೋಡುತ್ತದೆ. ಮೊದಲನೆಯದು ರಿಜಿಸ್ಟ್ರಿ ಎಂಬ ದೊಡ್ಡ ದಾಖಲೆ ಪುಸ್ತಕ. ಯಾವ ಬಳಕೆದಾರನ ಫೋಲ್ಡರ್ ಎಲ್ಲಿದೆ ಎಂದು ಅದರಲ್ಲಿ ಬರೆದಿರುತ್ತದೆ. ಎರಡನೆಯದು ಆ ಫೋಲ್ಡರ್ ಒಳಗೆ ಅಡಗಿರುವ ಎನ್‌ಟಿಯೂಸರ್ ಡಾಟ್ ಡ್ಯಾಟ್ ಎಂಬ ಕಡತ. ನಿಮ್ಮ ಪರದೆಯ ಬಣ್ಣ, ಕೀಬೋರ್ಡ್ ಭಾಷೆ, ಪ್ರಿಂಟರ್ ಆಯ್ಕೆ, ಹೀಗೆ ನೂರಾರು ಸಣ್ಣ ಸಂಗತಿ ಅದರಲ್ಲಿವೆ. ನಿಮ್ಮ ಆ ಫೋಲ್ಡರ್ ಮತ್ತು ಈ ಸಂಗತಿಗಳೆಲ್ಲ ಸೇರಿದ್ದೇ ನಿಮ್ಮ ಯೂಸರ್ ಪ್ರೊಫೈಲ್. ನೀವು ಕಂಪ್ಯೂಟರ್ ಬಳಸುವಷ್ಟು ಹೊತ್ತೂ ಆ ಕಡತ ತೆರೆದೇ ಇರುತ್ತದೆ, ಆಗಾಗ ಅದರೊಳಗೆ ಬರೆಯುವ ಕೆಲಸ ನಡೆದೇ ಇರುತ್ತದೆ. ಸರಿಯಾಗಿ ಅದೇ ಗಳಿಗೆಯಲ್ಲಿ ಕರೆಂಟು ಹೋದರೆ ಅರ್ಧ ಬರೆದದ್ದು ಅರ್ಧಕ್ಕೇ ನಿಲ್ಲುತ್ತದೆ. ಬಹಳ ಸಲ ವಿಂಡೋಸ್ ತಾನೇ ಸುಧಾರಿಸಿಕೊಳ್ಳುತ್ತದೆ. ಆ ಕಡತದ ಪಕ್ಕದಲ್ಲೇ ಲಾಗ್ ಕಡತಗಳಿರುವುದು ಅದಕ್ಕೇ. ಸುಧಾರಿಸಿಕೊಳ್ಳಲು ಆಗದಿದ್ದಾಗ ಅದು ನಿಮ್ಮ ಫೋಲ್ಡರ್ ಬಿಟ್ಟು, ಟೆಂಪ್ ಎಂಬ ಹೆಸರಿನ ತಾತ್ಕಾಲಿಕ ಫೋಲ್ಡರ್‌ನಲ್ಲಿ ನಿಮ್ಮನ್ನು ಕೂರಿಸುತ್ತದೆ.

ಫೋಟೋ, ಲೆಕ್ಕದ ಹಾಳೆಗಳು ಹಾಗೆ ಸದಾ ತೆರೆದಿರುವುದಿಲ್ಲ. ಆದ್ದರಿಂದ ಅವು ಸಾಮಾನ್ಯವಾಗಿ ಉಳಿದಿರುತ್ತವೆ. ಅವುಗಳನ್ನು ಕಳೆಯುವುದು ಆಮೇಲೆ ನಾವು ಅವಸರಕ್ಕೆ ಮಾಡುವ ಕೆಲಸ.

ಮುಟ್ಟುವ ಮೊದಲು

ಖಾಲಿ ಪರದೆ ಕಂಡಾಗ ಹೊಸದಾಗಿ ಏನನ್ನೂ ಟೈಪ್ ಮಾಡಿ ಸೇವ್ ಮಾಡಬೇಡಿ. ತಾತ್ಕಾಲಿಕ ಪ್ರೊಫೈಲ್ ಆಗಿದ್ದರೆ, ಸೈನ್‌ಔಟ್ ಆದ ಕೂಡಲೇ ಅದರ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್‌ನಲ್ಲಿ ಇಟ್ಟದ್ದೆಲ್ಲ ಅಳಿಸಿಹೋಗುತ್ತದೆ. ಈಗಾಗಲೇ ಏನಾದರೂ ಸೇವ್ ಮಾಡಿಬಿಟ್ಟಿದ್ದರೆ, ರೀಸ್ಟಾರ್ಟ್‌ಗೆ ಮೊದಲು ಪೆನ್‌ಡ್ರೈವ್‌ಗೋ ಡಿ ಡ್ರೈವ್‌ಗೋ ಹಾಕಿಕೊಳ್ಳಿ.

ಫಾರ್ಮ್ಯಾಟ್ ಬೇಡ. "ರೀಸೆಟ್ ದಿಸ್ ಪಿಸಿ" ಬೇಡ. ಅದರಲ್ಲಿ ಕಡತ ಉಳಿಸಿಕೊಳ್ಳುವ ಆಯ್ಕೆ ಇದೆ ನಿಜ, ಆದರೆ ಬೇರೆ ಕಡೆ ನಕಲು ಆಗದೆ ಅದನ್ನು ನಂಬಬೇಡಿ. ಸೆಟ್ಟಿಂಗ್ಸ್‌ಗೆ ಹೋಗಿ ಕೆಟ್ಟ ಖಾತೆಯನ್ನು ತೆಗೆದುಹಾಕುವುದಂತೂ ಬೇಡವೇ ಬೇಡ, ಖಾತೆಯ ಜೊತೆಗೆ ಅದರ ಫೋಲ್ಡರ್ ಕೂಡ ಹೋಗುತ್ತದೆ. ಹೊರಗೆ ಸಿಡಿಲು ಗುಡುಗು ಇದ್ದರೆ ಇವತ್ತು ಈ ಕೆಲಸವನ್ನೇ ಹಿಡಿಯಬೇಡಿ. ರಿಪೇರಿ ಅರ್ಧದಲ್ಲಿರುವಾಗ ಇನ್ನೊಮ್ಮೆ ಕರೆಂಟು ಹೋದರೆ ಸಣ್ಣ ಗಾಯ ದೊಡ್ಡದಾಗುತ್ತದೆ.

"ಡೆಸ್ಕ್‌ಟಾಪ್ ಖಾಲಿ ಆಗಿದೆ, ಹೊಸ ಕಂಪ್ಯೂಟರ್ ತರ ಕಾಣ್ತದೆ"

ಮೊದಲು ನೋಡಬೇಕಾದ್ದು ಒಳಗೆ ಹೋದದ್ದು ಯಾರ ಹೆಸರಲ್ಲಿ ಎಂದು. ರಜೆಗೆ ಬಂದ ಮಕ್ಕಳು ಆಟಕ್ಕೆ ಇನ್ನೊಂದು ಖಾತೆ ಮಾಡಿಟ್ಟು ಹೋಗಿರುತ್ತಾರೆ. ಸ್ಟಾರ್ಟ್ ಗುಂಡಿ ಒತ್ತಿ ಹೆಸರು ನೋಡಿ. ಹೆಸರು ನಿಮ್ಮದೇ ಆಗಿದ್ದು, ನಿಮ್ಮ ವಾಲ್‌ಪೇಪರ್ ಕೂಡ ಇದ್ದು, ಚಿತ್ರಗಳು ಮಾತ್ರ ಕಾಣದಿದ್ದರೆ ಖಾಲಿ ಜಾಗದಲ್ಲಿ ಬಲಗುಂಡಿ ಒತ್ತಿ, ವ್ಯೂ ಒಳಗೆ "ಶೋ ಡೆಸ್ಕ್‌ಟಾಪ್ ಐಕಾನ್ಸ್" ಟಿಕ್ ಇದೆಯೇ ನೋಡಿ. ಇಷ್ಟಕ್ಕೇ ಮುಗಿದ ಮನೆಗಳೂ ಇವೆ.

ಆಮೇಲೆ ಒನ್‌ಡ್ರೈವ್, ಅಂದರೆ ಕಡತಗಳನ್ನು ಇಂಟರ್‌ನೆಟ್‌ನಲ್ಲಿ ಇಡುವ ಮೈಕ್ರೋಸಾಫ್ಟ್‌ನ ಜಾಗ. ಯಾವಾಗಲೋ ಒಮ್ಮೆ "ಬ್ಯಾಕಪ್ ಮಾಡಲೇ?" ಎಂದು ಕೇಳಿದಾಗ ಹೂಂ ಅಂದಿರುತ್ತೀರಿ. ಆಗ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಎರಡೂ ಒನ್‌ಡ್ರೈವ್ ಫೋಲ್ಡರ್ ಒಳಗೆ ಸರಿದಿರುತ್ತವೆ. ಅದರಿಂದ ಸೈನ್‌ಔಟ್ ಆದರೋ, ಬ್ಯಾಕಪ್ ನಿಲ್ಲಿಸಿದರೋ ಡೆಸ್ಕ್‌ಟಾಪ್ ಬರಿದಾಗಿ ಕಾಣುತ್ತದೆ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಒನ್‌ಡ್ರೈವ್ ಒಳಗೆ ಇನ್ನೊಂದು ಡೆಸ್ಕ್‌ಟಾಪ್ ಫೋಲ್ಡರ್ ಇದೆಯೇ ತೆರೆದು ನೋಡಿ.

ಇವೆರಡೂ ಅಲ್ಲದಿದ್ದರೆ ಪರೀಕ್ಷೆ ಒಂದೇ. ಫೈಲ್ ಎಕ್ಸ್‌ಪ್ಲೋರರ್‌ನ ವಿಳಾಸದ ಪಟ್ಟಿಯಲ್ಲಿ ಶೇಕಡಾ ಚಿಹ್ನೆ, ಯೂಸರ್‌ಪ್ರೊಫೈಲ್ ಎಂಬ ಪದ, ಮತ್ತೆ ಶೇಕಡಾ ಚಿಹ್ನೆ, ಹೀಗೆ ನಡುವೆ ಜಾಗ ಬಿಡದೆ ಹೊಡೆದು ಎಂಟರ್ ಒತ್ತಿ. ತೆರೆದ ಫೋಲ್ಡರ್‌ನ ವಿಳಾಸದಲ್ಲಿ ನಿಮ್ಮ ಹೆಸರಿದ್ದರೆ ಪ್ರೊಫೈಲ್ ನಿಮ್ಮದೇ. ಟೆಂಪ್ ಎಂದಿದ್ದರೆ ತಾತ್ಕಾಲಿಕದಲ್ಲಿದ್ದೀರಿ. ಒಳಗೆ ಬಂದ ಕೂಡಲೇ ತಾತ್ಕಾಲಿಕ ಪ್ರೊಫೈಲ್ ಎಂದು ಮೂಲೆಯಲ್ಲಿ ಸಂದೇಶವೂ ಬಂದಿರುತ್ತದೆ, ಅದನ್ನು ನಾವು ಓದದೆ ಮುಚ್ಚಿರುತ್ತೇವೆ.

ಈಗ ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್ ತೆರೆಯಿರಿ. ಅಲ್ಲಿ ನಿಮ್ಮ ಹೆಸರಿನ ಫೋಲ್ಡರ್ ಇರುತ್ತದೆ. ತೆರೆಯಲು ಅನುಮತಿ ಕೇಳಿದರೆ ಕಂಟಿನ್ಯೂ ಒತ್ತಿ. ಒಳಗೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಸಿಕ್ಕವೇ? ಇನ್ನು ಮುಂದಿನ ಹೆಜ್ಜೆ ಯಾವ ರಿಪೇರಿಯೂ ಅಲ್ಲ, ಅಷ್ಟನ್ನೂ ಹೊರಗಿನ ಹಾರ್ಡ್‌ಡಿಸ್ಕ್‌ಗೋ ದೊಡ್ಡ ಪೆನ್‌ಡ್ರೈವ್‌ಗೋ ನಕಲು ಮಾಡುವುದು. ಕಟ್ ಅಲ್ಲ, ಕಾಪಿ. ನಕಲು ಮುಗಿದಮೇಲೆ ಎರಡು ಮೂರು ಫೋಟೋ, ಒಂದೆರಡು ಲೆಕ್ಕದ ಕಡತ ಪೆನ್‌ಡ್ರೈವ್‌ನಿಂದಲೇ ತೆರೆದು ನೋಡಿ.

ಆಮೇಲೆ ರೀಸ್ಟಾರ್ಟ್. ಶಟ್‌ಡೌನ್ ಮಾಡಿ ಮತ್ತೆ ಹಾಕಿದರೆ ಸಾಲದು. ಫಾಸ್ಟ್ ಸ್ಟಾರ್ಟಪ್ ಇದ್ದಲ್ಲಿ ಶಟ್‌ಡೌನ್ ಮಾಡಿದಾಗ ವಿಂಡೋಸ್‌ನ ಒಳಭಾಗ ನಿದ್ದೆಹೋಗಿ, ಮಾರನೇ ದಿನ ಅದೇ ಸ್ಥಿತಿಯಲ್ಲಿ ಏಳುತ್ತದೆ. ರೀಸ್ಟಾರ್ಟ್ ಒತ್ತಿದಾಗ ಮಾತ್ರ ಮೊದಲಿನಿಂದ ಶುರುವಾಗುತ್ತದೆ. ಆಂಟಿವೈರಸ್ಸೋ ಮತ್ತೊಂದೋ ಆ ಎನ್‌ಟಿಯೂಸರ್ ಕಡತವನ್ನು ಹಿಡಿದುಕೊಂಡಿದ್ದರಿಂದ ತಾತ್ಕಾಲಿಕಕ್ಕೆ ಹೋಗಿದ್ದರೆ, ಒಂದೆರಡು ರೀಸ್ಟಾರ್ಟ್‌ಗೆ ಎಲ್ಲ ಮರಳಿ ಬರುತ್ತದೆ. ಸಿ ಡ್ರೈವ್ ತುಂಬಿ ಕೆಂಪು ಪಟ್ಟಿ ಕಾಣುತ್ತಿದೆಯೇ ಅದನ್ನೂ ನೋಡಿ. ಜಾಗವಿಲ್ಲದಿದ್ದರೂ ಪ್ರೊಫೈಲ್ ತೆರೆಯುವುದು ಕಷ್ಟ. ಸೆಟ್ಟಿಂಗ್ಸ್‌ನ ಸ್ಟೋರೇಜ್‌ನಿಂದ ತಾತ್ಕಾಲಿಕ ಕಡತ ಅಳಿಸಿ. ಯೂಸರ್ಸ್ ಫೋಲ್ಡರ್ ಒಳಗೆ ಕೈಯಿಂದ ಏನನ್ನೂ ಅಳಿಸಬೇಡಿ.

ಕಾರಣ ಬರೆದಿಟ್ಟಿರುವ ಜಾಗ

ಎರಡು ರೀಸ್ಟಾರ್ಟ್ ಆದಮೇಲೂ ಹಾಗೇ ಇದ್ದರೆ ಊಹೆ ಮಾಡುತ್ತ ಕೂರಬೇಕಿಲ್ಲ, ಕಂಪ್ಯೂಟರೇ ಬರೆದಿಟ್ಟಿರುತ್ತದೆ. ಸ್ಟಾರ್ಟ್ ಗುಂಡಿಯ ಮೇಲೆ ಬಲಗುಂಡಿ ಒತ್ತಿ ಇವೆಂಟ್ ವ್ಯೂವರ್ ತೆರೆಯಿರಿ. ಅಂಗಡಿಗೆ ಬರುವವರಿಗೆ ಇದನ್ನು ತೋರಿಸಿದರೆ ಆಶ್ಚರ್ಯಪಡುತ್ತಾರೆ. ಯಾವ ದಿನ ಎಷ್ಟು ಗಂಟೆಗೆ ಏನಾಯಿತು ಎಂಬುದು ಸೆಕೆಂಡಿನ ಲೆಕ್ಕದಲ್ಲಿರುತ್ತದೆ.

ವಿಂಡೋಸ್ ಲಾಗ್ಸ್ ಒಳಗಿನ ಅಪ್ಲಿಕೇಶನ್ ಪಟ್ಟಿಯಲ್ಲಿ ಯೂಸರ್ ಪ್ರೊಫೈಲ್ಸ್ ಸರ್ವಿಸ್ ಹೆಸರಿನ ಸಾಲುಗಳನ್ನು ಹುಡುಕಿ, ಅವುಗಳ ಇವೆಂಟ್ ಐಡಿ ಎಂಬ ಸಂಖ್ಯೆ ನೋಡಿ. 1511 ಇದ್ದರೆ ನಿಮ್ಮ ಪ್ರೊಫೈಲ್ ಸಿಗಲಿಲ್ಲ, ತಾತ್ಕಾಲಿಕಕ್ಕೆ ಕಳಿಸಿದೆ ಎಂದರ್ಥ. 1515 ಎಂದರೆ ಹಳೆಯದನ್ನು ಬ್ಯಾಕಪ್ ಎಂದು ಪಕ್ಕಕ್ಕಿಟ್ಟಿದೆ. ಮುಂದೆ ರಿಜಿಸ್ಟ್ರಿ ನೋಡುವಾಗ ಇದು ಬೇಕಾಗುತ್ತದೆ. 1508 ಎಂದರೆ ಎನ್‌ಟಿಯೂಸರ್ ಕಡತವನ್ನು ತೆರೆಯಲು ಆಗಲಿಲ್ಲ. ಅದರ ವಿವರದ ಕೊನೆಯ ಸಾಲು ಓದಿ. ಬೇರೆ ಪ್ರೋಗ್ರಾಂ ಬಳಸುತ್ತಿದೆ ಎಂದಿದ್ದರೆ ಕಡತ ಚೆನ್ನಾಗಿದೆ, ಹಿಡಿದವರನ್ನು ಬಿಡಿಸಬೇಕು. ಕರಪ್ಟ್ ಎಂಬ ಪದವಿದ್ದರೆ ಕಡತವೇ ಹಾಳು. 1530 ಎಂಬ ಹಳದಿ ಎಚ್ಚರಿಕೆ ಎಲ್ಲರ ಕಂಪ್ಯೂಟರಿನಲ್ಲೂ ಆಗಾಗ ಇರುತ್ತದೆ, ಅದಕ್ಕೆ ಹೆದರಬೇಡಿ.

ಅಲ್ಲಿಂದ ಪಕ್ಕದ ಸಿಸ್ಟಮ್ ಪಟ್ಟಿಗೆ ಹೋಗಿ ಅದೇ ಹೊತ್ತಿನ ಆಸುಪಾಸು ನೋಡಿ. ಕರ್ನಲ್ ಪವರ್ 41, ಅದರ ಜೊತೆಗೆ 6008 ಇದ್ದರೆ ಕಂಪ್ಯೂಟರ್ ಸರಿಯಾಗಿ ಮುಚ್ಚದೆ ನಿಂತುಹೋಗಿದೆ. ಮಳೆಗಾಲದಲ್ಲಿ ನಮ್ಮಲ್ಲಿ ಇದು ಬಹುಮಟ್ಟಿಗೆ ಕರೆಂಟು. ಪವರ್ ಬಟನ್ ಒತ್ತಿ ಹಿಡಿದು ಆರಿಸಿದರೂ ಇದೇ ಬರುತ್ತದೆ. ಡಿಸ್ಕ್ ಹೆಸರಿನಲ್ಲಿ 7 ಎಂಬ ಸಂಖ್ಯೆ ಇದ್ದರೆ ಡಿಸ್ಕಿನಲ್ಲಿ ಕೆಟ್ಟ ಜಾಗವಿದೆ. ಎನ್‌ಟಿಎಫ್‌ಎಸ್ ಹೆಸರಿನಲ್ಲಿ 55 ಇದ್ದರೆ ಕಡತಗಳ ಸೂಚಿ ಕೆಟ್ಟಿದೆ. ಬರೀ 41 ಇದ್ದರೆ ನೆಮ್ಮದಿಯಿಂದ ಮುಂದಿನದು ಮಾಡಬಹುದು. 7 ಕಂಡರೆ ಉಳಿದದ್ದೆಲ್ಲ ಬಿಟ್ಟು ಡಿಸ್ಕಿನ ಭಾಗಕ್ಕೆ ಹೋಗಿ.

"ಪಾಸ್‌ವರ್ಡ್ ಸರಿ ಇದೆ, ಆದ್ರೂ ಒಳಗೆ ಬಿಡ್ತಿಲ್ಲ"

ಪಾಸ್‌ವರ್ಡ್ ತಪ್ಪು ಎಂದರೆ ಅದು ಬೇರೆ ತೊಂದರೆ. ಕ್ಯಾಪ್ಸ್‌ಲಾಕ್ ನೋಡಿ, ಕೀಬೋರ್ಡ್ ಕನ್ನಡಕ್ಕೆ ತಿರುಗಿದೆಯೇ ನೋಡಿ. "ಯೂಸರ್ ಪ್ರೊಫೈಲ್ ಸರ್ವಿಸ್" ವಿಫಲವಾಯಿತು, ಪ್ರೊಫೈಲ್ ತೆರೆಯಲಾಗದು ಎಂಬ ಸಂದೇಶ ಬಂದರೆ ಮಾತ್ರ ಇದು ನಮ್ಮ ವಿಷಯ.

ಮನೆಯಲ್ಲಿ ಇನ್ನೊಂದು ಖಾತೆ ಇದ್ದರೆ ಅದರಲ್ಲಿ ಒಳಗೆ ಹೋಗಿ, ಮೇಲೆ ಹೇಳಿದ ಹಾಗೆ ನಕಲು ತೆಗೆಯಿರಿ. ಇಲ್ಲದಿದ್ದರೆ ಸೈನ್‌ಇನ್ ಪರದೆಯಲ್ಲೇ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಡಿ. ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ದಾಟಿ ರೀಸ್ಟಾರ್ಟ್ ಒತ್ತಿದರೆ ಪಟ್ಟಿ ಬರುತ್ತದೆ. 4 ಒತ್ತಿದರೆ ಸೇಫ್ ಮೋಡ್, ಅಂದರೆ ಅಗತ್ಯದ ಭಾಗಗಳಷ್ಟೇ ಶುರುವಾಗುವ ವಿಂಡೋಸ್. ಅಲ್ಲಿ ನಿಮ್ಮ ಹೆಸರಿನಲ್ಲಿ ಒಳಗೆ ಹೋಗಲು ಆದರೆ ಪ್ರೊಫೈಲ್ ಕೆಟ್ಟಿಲ್ಲ, ಯಾವುದೋ ಪ್ರೋಗ್ರಾಂ ಅಡ್ಡ ಬರುತ್ತಿದೆ. ಇತ್ತೀಚೆಗೆ ಹಾಕಿದ ಆಂಟಿವೈರಸ್ ತೆಗೆದು ನೋಡಿ.

ಇಲ್ಲೊಂದು ಎಚ್ಚರ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಬಿಟ್‌ಲಾಕರ್ ಬೀಗ ಹಾಕಿಕೊಂಡಿರಬಹುದು. ಈ ದಾರಿಯಲ್ಲಿ ಹೋದಾಗ ಅದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಮೊಬೈಲ್‌ನಿಂದ ಹೋದರೆ ಅಲ್ಲಿ ಆ ಕೀ ಸಿಗುತ್ತದೆ. ಅದು ಕೈಯಲ್ಲಿಲ್ಲದೆ ಮುಂದೆ ಹೋಗಬೇಡಿ. ನೆಟ್‌ವರ್ಕ್ ಇಲ್ಲದ ಮನೆಯವರು ಪೇಟೆಗೆ ಬಂದಾಗ ಕಾಗದದ ಮೇಲೆ ಬರೆದುಕೊಂಡು ಹೋಗಿ.

ಸೇಫ್ ಮೋಡ್ ಕೂಡ ಬಿಡದಿದ್ದರೆ ಅದೇ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಸಿಸ್ಟಮ್ ರಿಸ್ಟೋರ್ ಇದೆ. ಹಳೆಯ ದಿನಾಂಕದ ಗುರುತು ಇದ್ದರೆ ಅದಕ್ಕೆ ಹಿಂದಿರುಗಬಹುದು. ನಿಮ್ಮ ಫೋಟೋ, ಪತ್ರಗಳನ್ನು ಅದು ಮುಟ್ಟುವುದಿಲ್ಲ, ಆ ದಿನದ ನಂತರ ಹಾಕಿದ ಪ್ರೋಗ್ರಾಂ ಹೋಗುತ್ತವೆ. ಬಹಳ ಕಂಪ್ಯೂಟರುಗಳಲ್ಲಿ ಈ ಗುರುತು ಇಡುವ ವ್ಯವಸ್ಥೆಯೇ ಆಫ್ ಆಗಿರುತ್ತದೆ, ಪಟ್ಟಿ ಖಾಲಿ ಬಂದರೆ ಗಾಬರಿಯಾಗಬೇಡಿ. ವಿಂಡೋಸಿನ ಬದಲು ಬಳಸುವ ಉಬುಂಟು ಎಂಬ ಆಪರೇಟಿಂಗ್ ಸಿಸ್ಟಮ್‌ನ ಪೆನ್‌ಡ್ರೈವ್ ಮಾಡಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಕಂಪ್ಯೂಟರ್ ಶುರುಮಾಡಿ ಕಡತ ತೆಗೆದುಕೊಳ್ಳುವ ದಾರಿಯೂ ಇದೆ. ಆ ಅಭ್ಯಾಸವಿಲ್ಲದವರು ಇಲ್ಲಿಗೆ ನಿಲ್ಲಿಸಿ ತಿಳಿದವರ ಹತ್ತಿರ ಒಯ್ಯಿರಿ.

"ಒಳಗೆ ಬರ್ತದೆ, ಆದ್ರೆ ಸ್ಟಾರ್ಟ್ ಒತ್ತಿದ್ರೆ ಏನೂ ಆಗಲ್ಲ"

ಸ್ಟಾರ್ಟ್ ತೆರೆಯುವುದಿಲ್ಲ, ಸೆಟ್ಟಿಂಗ್ಸ್ ತೆರೆದ ಕೂಡಲೇ ಮುಚ್ಚಿಹೋಗುತ್ತದೆ, ಹಾಕಿದ ಪ್ರಿಂಟರ್ ಮಾರನೇ ದಿನ ಮರೆತಿರುತ್ತದೆ, ಕನ್ನಡ ಕೀಬೋರ್ಡ್ ಪ್ರತಿ ಸಲ ಮತ್ತೆ ಸೇರಿಸಬೇಕು. ಇವು ಪ್ರೊಫೈಲ್ ಅರ್ಧ ಕೆಟ್ಟ ಲಕ್ಷಣವಿರಬಹುದು, ವಿಂಡೋಸೇ ಕೆಟ್ಟಿರಲೂಬಹುದು. ಬಿಡಿಸಿ ನೋಡಲು ಒಂದು ಹೊಸ ಖಾತೆ ಮಾಡಿ ಅದರಲ್ಲಿ ಒಳಗೆ ಹೋಗಿ. ಅಲ್ಲಿ ಎಲ್ಲ ಸರಿ ಇದ್ದರೆ ದೋಷ ನಿಮ್ಮ ಪ್ರೊಫೈಲಿನದು. ಅಲ್ಲೂ ಹಾಗೇ ಆದರೆ ವಿಂಡೋಸಿನದು.

ವಿಂಡೋಸಿನದಾದರೆ ಅಡ್ಮಿನಿಸ್ಟ್ರೇಟರ್ ಆಗಿ ಕಮ್ಯಾಂಡ್ ಪ್ರಾಂಪ್ಟ್ ತೆರೆದು ಎಸ್‌ಎಫ್‌ಸಿ, ಒಂದು ಜಾಗ, ಓರೆಗೆರೆ (/), ಸ್ಕ್ಯಾನ್‌ನೌ ಎಂದು ಹೊಡೆಯಿರಿ. ಅದು ವಿಂಡೋಸಿನ ಸ್ವಂತ ಕಡತಗಳನ್ನು ಪರೀಕ್ಷಿಸಿ ಸರಿಮಾಡುತ್ತದೆ. ನಿಮ್ಮ ಪ್ರೊಫೈಲನ್ನು ಅದು ಸರಿಮಾಡುವುದಿಲ್ಲ, ಆ ಆಸೆಯಿಂದ ಹತ್ತು ಸಲ ಓಡಿಸುವುದು ವ್ಯರ್ಥ.

ಪ್ರೊಫೈಲಿನದೇ ದೋಷ ಎಂದು ಗೊತ್ತಾದರೆ, ಅದು ಇನ್ನೂ ತೆರೆಯುತ್ತಿರುವಾಗಲೇ ಒಂದು ಕೆಲಸ ಮಾಡಿಕೊಳ್ಳಿ. ಕ್ರೋಮ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ಗೂಗಲ್ ಖಾತೆಗೆ ಸಿಂಕ್ ಮಾಡಿ, ಇಲ್ಲವೇ ಎಕ್ಸ್‌ಪೋರ್ಟ್ ಮಾಡಿ. ಆ ಪಾಸ್‌ವರ್ಡ್‌ಗಳಿಗೆ ಹಾಕಿರುವ ಬೀಗ ನಿಮ್ಮ ವಿಂಡೋಸ್ ಖಾತೆಗೇ ಕಟ್ಟಿಕೊಂಡದ್ದು. ಆಮೇಲೆ ಕ್ರೋಮ್ ಫೋಲ್ಡರ್ ಪೂರ್ತಿ ಹೊಸ ಖಾತೆಗೆ ಎತ್ತಿಟ್ಟರೂ ಅವು ತೆರೆಯುವುದಿಲ್ಲ. ಎಕ್ಸ್‌ಪೋರ್ಟ್ ಆದ ಕಡತದಲ್ಲಿ ಎಲ್ಲವೂ ಬೀಗವಿಲ್ಲದೆ ಓದಲು ಸಿಗುತ್ತದೆ, ಹೊಸ ಕಡೆ ಸೇರಿಸಿದ ಕೂಡಲೇ ಅಳಿಸಿ.

"ನುಡಿ ಕಡತ ತೆರೆದ್ರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರ್ತದೆ"

ಇದು ಹಳೆಯ ಕನ್ನಡ ಫಾಂಟುಗಳನ್ನು ಬಳಸಿದವರಲ್ಲಿ ಕಾಣುವ ಲಕ್ಷಣ. ಹೊಸ ಖಾತೆಗೋ ತಾತ್ಕಾಲಿಕಕ್ಕೋ ಬಂದವರು ಹಳೆಯ ಪತ್ರ ತೆರೆದು, ಕಡತವೇ ಹಾಳಾಯಿತು ಎಂದು ಅಳುವ ಮುಖ ಮಾಡಿಕೊಂಡು ಬರುತ್ತಾರೆ. ಕಡತಕ್ಕೆ ಏನೂ ಆಗಿರುವುದಿಲ್ಲ. ಯೂನಿಕೋಡ್ (ಕನ್ನಡಕ್ಕೆ ಅದರದ್ದೇ ಸಂಕೇತ ಇರುವ ಈಗಿನ ಪದ್ಧತಿ) ಅಲ್ಲದ ಹಳೆಯ ನುಡಿ, ಬರಹ ತಂತ್ರಾಂಶಗಳ ಕಡತಗಳಲ್ಲಿ ಒಳಗಿರುವುದು ಇಂಗ್ಲಿಷ್ ಸಂಕೇತಗಳೇ. ಅವನ್ನು ಕನ್ನಡವಾಗಿ ತೋರಿಸುವುದು ಫಾಂಟು. ವಿಂಡೋಸ್ 10ರ 1809 ಆವೃತ್ತಿಯಿಂದ ಈಚೆಗೆ ಫಾಂಟ್ ಮೇಲೆ ಬರೀ ಇನ್‌ಸ್ಟಾಲ್ ಒತ್ತಿದರೆ ಅದು ಆ ಒಬ್ಬ ಬಳಕೆದಾರನ ಪ್ರೊಫೈಲ್ ಒಳಗೆ ಮಾತ್ರ ಕೂರುತ್ತದೆ. ಪ್ರೊಫೈಲ್ ಬದಲಾದರೆ ಫಾಂಟ್ ಇಲ್ಲ, ಫಾಂಟ್ ಇಲ್ಲದಿದ್ದರೆ ಕನ್ನಡವಿಲ್ಲ. ಫಾಂಟ್ ಕಡತದ ಮೇಲೆ ಬಲಗುಂಡಿ ಒತ್ತಿ "ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್" ಕೊಡಿ. ಇಂಥ ಕಡತವನ್ನು ಹಾಳಾಗಿದೆ ಎಂದು ಅಳಿಸಿದವರನ್ನು ನಾನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ.

"ತುಂಬ ನಿಧಾನ ಆಗಿತ್ತು, ಒಳಗೆ ಟಕ್ ಟಕ್ ಸದ್ದು"

ಇದು ನಿಲ್ಲಿಸಬೇಕಾದ ಜಾಗ. ಪ್ರೊಫೈಲ್ ಕೆಡುವ ಮೊದಲು ವಾರಗಟ್ಟಲೆ ಕಂಪ್ಯೂಟರ್ ತೆವಳುತ್ತಿದ್ದರೆ, ನಕಲು ಮಾಡುವಾಗ ಒಂದೇ ಫೋಲ್ಡರ್‌ನಲ್ಲಿ ಸಿಕ್ಕಿಕೊಳ್ಳುತ್ತಿದ್ದರೆ, ಸದ್ದು ಬರುತ್ತಿದ್ದರೆ, ಪಟ್ಟಿಯಲ್ಲಿ 7 ಮತ್ತೆಮತ್ತೆ ಕಂಡರೆ ಸಾಯುತ್ತಿರುವುದು ಡಿಸ್ಕು. ಎಸ್‌ಎಸ್‌ಡಿಗೆ ಸದ್ದೂ ಇರುವುದಿಲ್ಲ, ಒಂದು ದಿನ ಇದ್ದಕ್ಕಿದ್ದಂತೆ ಕಾಣೆಯಾಗುತ್ತದೆ.

ಇಂಥ ಡಿಸ್ಕಿನ ಮೇಲೆ ಯಾವ ರಿಪೇರಿಯನ್ನೂ ಓಡಿಸಬೇಡಿ. ಡಿಸ್ಕ್ ಪರೀಕ್ಷಿಸುವ ಚೆಕ್‌ಡಿಸ್ಕ್ (chkdsk) ಆಜ್ಞೆಗೆ ಓರೆಗೆರೆ ಆರ್ ಕೊಟ್ಟು ರಾತ್ರಿಯಿಡೀ ಬಿಡುವುದು ಬಹಳ ಜನ ಹೇಳುವ ಉಪಾಯ. ಅದು ಡಿಸ್ಕಿನ ಮೂಲೆಮೂಲೆಯನ್ನೂ ಓದಿಸುತ್ತದೆ, ಉಸಿರು ಕಟ್ಟುತ್ತಿರುವ ಡಿಸ್ಕಿಗೆ ಅದೇ ಕೊನೆಯ ಓಟವಾಗಬಹುದು. ಅತಿ ಮುಖ್ಯವಾದ ಒಂದು ಫೋಲ್ಡರ್ ಮೊದಲು, ಆಮೇಲೆ ಉಳಿದದ್ದು, ಹೀಗೆ ನಕಲು ಮಾಡಿ. ಸಿಕ್ಕಿಕೊಂಡರೆ ಆರಿಸಿ, ಡೇಟಾ ರಿಕವರಿ ಮಾಡುವವರ ಹತ್ತಿರ ಡಿಸ್ಕ್ ಒಯ್ಯಿರಿ. ಡಿಸ್ಕ್ ಚೆನ್ನಾಗಿದ್ದು 55 ಮಾತ್ರ ಕಂಡಿದ್ದರೆ, ನಕಲು ಆದಮೇಲೆ ಚೆಕ್‌ಡಿಸ್ಕ್ (chkdsk), ಒಂದು ಜಾಗ, ಸಿ ಕೋಲನ್, ಒಂದು ಜಾಗ, ಓರೆಗೆರೆ ಎಫ್ ಎಂದು ಕೊಟ್ಟು, ಕೇಳಿದಾಗ ವೈ ಹೊಡೆದರೆ ಮುಂದಿನ ರೀಸ್ಟಾರ್ಟ್‌ನಲ್ಲಿ ಸರಿಮಾಡುತ್ತದೆ.

ಕ್ಯಾಬಿನೆಟ್ ಬಿಚ್ಚುವುದಿದ್ದರೆ ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದು ಆಮೇಲೆ ಕೈಹಾಕಿ. ಒಳಗೆ ಕರೆಂಟು ಹಂಚುವ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಬಿಚ್ಚಲೇಬಾರದು; ಪ್ಲಗ್ ಕಿತ್ತಮೇಲೂ ಅದರೊಳಗೆ ಕರೆಂಟು ಉಳಿದಿರುತ್ತದೆ. ಮಳೆಗಾಲದ ಥಂಡಿ ಹಿಡಿದಿದೆ ಎಂದು ಒಲೆಯ ಹತ್ತಿರ ಇಟ್ಟು ಒಣಗಿಸುವುದೂ ಬೇಡ.

ರಿಜಿಸ್ಟ್ರಿ: ಒಂದೇ ಸಲ, ನಕಲು ತೆಗೆದಮೇಲೆ

1511, 1515 ಎರಡೂ ಕಂಡಿದ್ದು, ಡಿಸ್ಕ್ ಚೆನ್ನಾಗಿದ್ದರೆ ಇದು ಫಲ ಕೊಡುವ ಸಂಭವವಿದೆ. ಇನ್ನೊಂದು ಅಡ್ಮಿನಿಸ್ಟ್ರೇಟರ್ ಖಾತೆಯಿಂದ ಮಾಡುವುದು ಒಳ್ಳೆಯದು. ರಿಜಿಸ್ಟ್ರಿ ತಿದ್ದುವ ರೆಜ್‌ಎಡಿಟ್ (regedit) ತೆರೆದು ಎಚ್‌ಕೀ ಲೋಕಲ್ ಮಷೀನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ, ಕರೆಂಟ್‌ವರ್ಷನ್, ಪ್ರೊಫೈಲ್‌ಲಿಸ್ಟ್ ತನಕ ಇಳಿಯಿರಿ. ಪ್ರೊಫೈಲ್‌ಲಿಸ್ಟ್ ಮೇಲೆ ಬಲಗುಂಡಿ ಒತ್ತಿ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ತಪ್ಪಾದರೆ ಹಿಂದಿರುಗಲು ಅದೊಂದೇ ದಾರಿ.

ಒಳಗೆ ಎಸ್-1-5 ಎಂದು ಶುರುವಾಗುವ ಸಾಲುಗಳಿವೆ. 18, 19, 20ರಲ್ಲಿ ಮುಗಿಯುವ ಚಿಕ್ಕವು ವಿಂಡೋಸಿನ ಸ್ವಂತದ್ದು, ಅವನ್ನು ಮುಟ್ಟಬೇಡಿ. ಎಸ್-1-5-21 ಎಂದು ಶುರುವಾಗುವ ಉದ್ದನೆಯವು ಮನುಷ್ಯರ ಖಾತೆಗಳು. ಒಂದೊಂದರ ಮೇಲೆ ಒತ್ತಿ ಬಲಗಡೆ ಪ್ರೊಫೈಲ್‌ಇಮೇಜ್‌ಪಾತ್ ಓದಿದರೆ ಯಾರದು ಗೊತ್ತಾಗುತ್ತದೆ.

ಒಂದೇ ಸಂಖ್ಯೆ ಎರಡು ಸಲ ಇದ್ದು, ಒಂದರ ಬಾಲಕ್ಕೆ ಡಾಟ್ ಬ್ಯಾಕ್ ಇದ್ದರೆ, ಬಾಲವಿರುವುದೇ ಸಾಮಾನ್ಯವಾಗಿ ನಿಮ್ಮ ಮೂಲ. ಬಾಲವಿಲ್ಲದ್ದು ಟೆಂಪ್ ಕಡೆ ತೋರಿಸುತ್ತಿರುತ್ತದೆ. ಎರಡರ ದಾರಿಯನ್ನೂ ಓದಿ ಖಾತ್ರಿ ಮಾಡಿಕೊಂಡಮೇಲೆ, ಬಾಲವಿಲ್ಲದ್ದರ ಕೊನೆಗೆ ಡಾಟ್ ಓಲ್ಡ್ ಸೇರಿಸಿ, ಮೂಲದ ಹೆಸರಿನಿಂದ ಡಾಟ್ ಬ್ಯಾಕ್ ತೆಗೆಯಿರಿ. ಮೂಲದ ಒಳಗೆ ಸ್ಟೇಟ್, ರೆಫ್‌ಕೌಂಟ್ ಎಂಬವು ಇದ್ದರೆ ಎರಡಕ್ಕೂ 0 ಕೊಟ್ಟು ರೀಸ್ಟಾರ್ಟ್ ಮಾಡಿ. ಬಾಲವಿರುವುದು ಒಂದೇ ಇದ್ದರೆ ಬಾಲ ತೆಗೆದರೆ ಆಯಿತು. ಆಗುಂಬೆ ರಸ್ತೆಯ ಮನೆಯಲ್ಲಿ ಇಷ್ಟಕ್ಕೇ ಹಳೆಯ ಪರದೆ ಬಂತು, ಅಪ್ಪಯ್ಯ ಹತ್ತಿರ ಬಂದು ಕನ್ನಡಕ ಏರಿಸಿ ತಮ್ಮ ಫೋಟೋ ನೋಡಿ ಹೋದರು.

ಇದನ್ನು ಮಾಡಿದಮೇಲೂ ಮತ್ತೆ ಟೆಂಪ್‌ಗೆ ಹೋದರೆ ಎನ್‌ಟಿಯೂಸರ್ ಕಡತವೇ ಹಾಳಾಗಿರುವ ಸಂಭವ ಹೆಚ್ಚು. ಮತ್ತೆ ಮತ್ತೆ ರಿಜಿಸ್ಟ್ರಿ ತಿದ್ದಬೇಡಿ, ಹೊಸ ಖಾತೆಗೆ ಹೋಗಿ.

ಹೊಸ ಖಾತೆಗೆ ಸಾಮಾನು ಸಾಗಿಸುವುದು

ಸೆಟ್ಟಿಂಗ್ಸ್‌ನ ಅಕೌಂಟ್ಸ್ ಒಳಗೆ ಅದರ್ ಯೂಸರ್ಸ್‌ನಲ್ಲಿ ಹೊಸ ಖಾತೆ ಸೇರಿಸಿ, ಅದಕ್ಕೆ ಅಡ್ಮಿನಿಸ್ಟ್ರೇಟರ್ ಅಧಿಕಾರ ಕೊಡಿ. ಅದರಲ್ಲಿ ಒಮ್ಮೆ ಒಳಗೆ ಹೋದಾಗ ಹೊಸ ಫೋಲ್ಡರ್ ಹುಟ್ಟುತ್ತದೆ. ಆಮೇಲೆ ಹಳೆಯ ಹೆಸರಿನ ಫೋಲ್ಡರ್‌ನಿಂದ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ವಿಡಿಯೋಸ್, ಡೌನ್‌ಲೋಡ್ಸ್ ಒಳಗಿನದನ್ನು ಹೊಸದರ ಅದೇ ಹೆಸರಿನ ಜಾಗಕ್ಕೆ ಕಾಪಿ ಮಾಡಿ. ಅನುಮತಿ ಕೇಳಿ ಕಂಟಿನ್ಯೂ ಒತ್ತಿದಾಗ ಸಾವಿರಾರು ಫೋಟೋ ಇದ್ದರೆ ಹಸಿರು ಪಟ್ಟಿ ಬಹಳ ಹೊತ್ತು ಓಡುತ್ತದೆ. ಕಾಯಿರಿ, ನಡುವೆ ಮುಚ್ಚಬೇಡಿ.

ಅಡಗಿರುವ ಕಡತಗಳಲ್ಲಿ ಎನ್‌ಟಿಯೂಸರ್ ಎಂದು ಶುರುವಾಗುವ ಒಂದನ್ನೂ ತರಬೇಡಿ. ಬಿಟ್ಟು ಬರುತ್ತಿರುವ ರೋಗ ಅದೇ. ಪ್ರೋಗ್ರಾಂಗಳ ಸೆಟ್ಟಿಂಗ್ ಇರುವ ಆ್ಯಪ್‌ಡೇಟಾ ಫೋಲ್ಡರ್ ಪೂರ್ತಿ ಎತ್ತಿಕೊಂಡು ಬಂದರೂ ಅದೇ ತೊಂದರೆ ಹೊಸ ಮನೆಗೆ ಬರಬಹುದು. ಔಟ್‌ಲುಕ್ ಅಂಚೆ ಬಳಸುವವರು ಡಾಕ್ಯುಮೆಂಟ್ಸ್ ಒಳಗಿನ ಔಟ್‌ಲುಕ್ ಫೈಲ್ಸ್ ಮರೆಯಬೇಡಿ. ಲೆಕ್ಕದ ಸಾಫ್ಟ್‌ವೇರ್ ಇದ್ದರೆ ಅದರ ಒಳಗೇ ಡೇಟಾ ಎಲ್ಲಿದೆ ಎಂದು ತೋರಿಸುವ ಜಾಗ ನೋಡಿಕೊಳ್ಳಿ. ವಾಟ್ಸ್‌ಆ್ಯಪ್ ಮತ್ತೆ ಮೊಬೈಲ್‌ನಿಂದ ಜೋಡಿಸಬೇಕು.

ಹಳೆಯ ಖಾತೆಯನ್ನು ಅಳಿಸಲು ಅವಸರಪಡಬೇಡಿ. ಯಾವುದು ಬಿಟ್ಟುಹೋಗಿದೆ ಎಂದು ಗೊತ್ತಾಗುವುದು ಅದು ಬೇಕಾದ ದಿನ. ಅಡಿಕೆ ಕೊನೆಕೊಯ್ಲಿನ ಕೂಲಿ ಲೆಕ್ಕ ಒಮ್ಮೆ ಹೊಸ ಖಾತೆಯಲ್ಲಿ ಆಗಲಿ, ತೆರಿಗೆಯ ಕಾಗದ ಒಮ್ಮೆ ತೆಗೆದಾಗಲಿ. ಅಷ್ಟರವರೆಗೆ ಅದು ಇರಲಿ.

ಮತ್ತೆ ಕೆಡದ ಹಾಗೆ

ಪಟ್ಟಿಯಲ್ಲಿ 41 ಸಾಲುಸಾಲಾಗಿ ಇದ್ದರೆ ಇಂದಿನ ರಿಪೇರಿ ಮುಂದಿನ ಗಾಳಿಮಳೆಯ ತನಕ ಮಾತ್ರ. ಯುಪಿಎಸ್ ಇದೆ ಎಂಬ ಧೈರ್ಯ ಸಾಲದು. ಅದರೊಳಗಿನ 12 ವೋಲ್ಟಿನ ಪುಟ್ಟ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ, ಹಸಿರು ದೀಪ ಮಾತ್ರ ಉರಿಯುತ್ತಿರುತ್ತದೆ. ಕಂಪ್ಯೂಟರಿನ ಬದಲು ಒಂದು ಬಲ್ಬ್ ಅದಕ್ಕೆ ಹಾಕಿ, ಗೋಡೆಯ ಸ್ವಿಚ್ ಆರಿಸಿ ನೋಡಿ. ಕೂಡಲೇ ಆರಿದರೆ ಬ್ಯಾಟರಿ ಬದಲಿಸಿ. ಮನೆಯ ಇನ್ವರ್ಟರ್ ಮೇಲೆ ಕಂಪ್ಯೂಟರ್ ನಡೆಸುವವರು ಅದರ ಹಿಂದೆ ಯುಪಿಎಸ್ ಮೋಡ್ ಸ್ವಿಚ್ ಇದೆಯೇ ನೋಡಿ. ಇನ್ನೊಂದು ಮೋಡಿನಲ್ಲಿ ಬ್ಯಾಟರಿಗೆ ತಿರುಗಲು ತುಸು ಹೆಚ್ಚು ಹೊತ್ತು ಹಿಡಿಯುತ್ತದೆ. ಬಲ್ಬಿಗೆ ಗೊತ್ತಾಗದ ಆ ಕ್ಷಣಕ್ಕೆ ಕಂಪ್ಯೂಟರ್ ರೀಸ್ಟಾರ್ಟ್ ಆಗಿಬಿಡುತ್ತದೆ.

ಸಿಡಿಲಿಗೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ರೂಟರ್‌ನಿಂದ ಬರುವ ನೆಟ್ ಕೇಬಲ್ ಕೂಡ. ಫೈಬರ್ ಗಾಜಿನ ಎಳೆ ಕರೆಂಟು ಒಯ್ಯದು, ಆದರೆ ರೂಟರಿನ ಅಡಾಪ್ಟರ್ ಗೋಡೆಗೆ ಸಿಕ್ಕಿಸಿದ್ದೇ ಅಲ್ಲವೇ.

ಅಂಗಡಿಗೆ ಒಯ್ಯುವುದಾದರೆ

ಬೀಗ ಹಾಕಿದ ಡಿಸ್ಕ್ ಆಗಿದ್ದರೆ ರಿಕವರಿ ಕೀ, ಜೊತೆಗೆ ನಕಲು ಹಿಡಿಯುವಷ್ಟು ದೊಡ್ಡ ಖಾಲಿ ಹಾರ್ಡ್‌ಡಿಸ್ಕ್ ಒಯ್ಯಿರಿ. ಇವೆಂಟ್ ವ್ಯೂವರ್‌ನಲ್ಲಿ ಕಂಡ ಸಂಖ್ಯೆಗಳ ಫೋಟೋ ಮೊಬೈಲ್‌ನಲ್ಲಿ ಇರಲಿ. ಕಂಪ್ಯೂಟರಿನ ಮೇಲೆ ಕಾಗದ ಅಂಟಿಸಿ, ದೊಡ್ಡ ಅಕ್ಷರದಲ್ಲಿ ಬರೆಯಿರಿ: "ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್ ಬೇಕು. ಫಾರ್ಮ್ಯಾಟ್ ಮಾಡುವ ಮೊದಲು ಫೋನ್ ಮಾಡಿ." ಕೆಳಗೆ ನಿಮ್ಮ ನಂಬರ್, ಮತ್ತು ಮನೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಸಿಗುವ ಪಕ್ಕದ ಮನೆಯವರದ್ದು.